ಬಾಗಿಲ ಮೇಲೆ ‘ನಾಳೆ ಬಾ’ ಬರೆದುಕೊಂಡ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಚಿಕ್ಕ ವರ್ಕ್‌ಶಾಪುಗಳಿಂದ ಮಾಲು ತರಿಸಿಕೊಳ್ಳುವ ದೊಡ್ಡ ಕಂಪನಿಗಳ ಯಜಮಾನರಿಗೆ, ಎಂಡಿಗಳಿಗೆ, ಫೈನಾನ್ಸ್ ನೋಡಿಕೊಳ್ಳುವವರಿಗೆ,

ನಮಸ್ಕಾರ.

ಹೋದ ವಾರ ನಿಮ್ಮಂಥದ್ದೇ ಒಂದು ಕಂಪನಿಯ ರಿಸೆಪ್ಷನ್‌ನಲ್ಲಿ ಎರಡು ಗಂಟೆ ಕೂತಿದ್ದೆ. ಬಾಕಿ ಬಿಲ್ಲು ಕೇಳೋಣ ಅಂತ ಹೋಗಿದ್ದು. ಎದುರು ಗೋಡೆಯ ಮೇಲೆ ಗಾಜಿನ ಫ್ರೇಮು ಹಾಕಿ ಕಂಪನಿಯ ನೀತಿಗಳನ್ನು ತೂಗುಹಾಕಿದ್ದರು. ಪ್ರಾಮಾಣಿಕತೆ, ಪಾರದರ್ಶಕತೆ, ಎಲ್ಲರಿಗೂ ಗೌರವ. ಕೆಳಗೆ ಎಂಡಿಯವರ ಸಹಿ. ನಾಲ್ಕು ಸಲ ಓದಿದೆ. ಐದನೇ ಸಲ ಶುರು ಮಾಡುವಷ್ಟರಲ್ಲಿ ರಿಸೆಪ್ಷನ್ ಹುಡುಗಿ ಬಂದು, ‘ಸಾರ್, ಅಕೌಂಟ್ಸ್‌ನವರು ಮೀಟಿಂಗ್‌ನಲ್ಲಿದಾರಂತೆ, ಮೇಲ್ ಹಾಕ್ಬೇಕಂತೆ’ ಅಂದಳು. ಪಾಪ, ಅವಳದೇನೂ ತಪ್ಪಿಲ್ಲ. ಅಷ್ಟು ಹೊತ್ತಿನಲ್ಲಿ ನೀರು ಬೇಕಾ ಅಂತ ಕೇಳಿದವಳೂ ಅವಳೊಬ್ಬಳೇ.

ಮೇಲ್ ಹಾಕಿ ಹಾಕಿ ಸಾಕಾಗಿದೆ. ಅದಕ್ಕೇ ಈ ಪತ್ರ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಶೆಡ್ ಇದೆ. ಮೂರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್), ಎರಡು ಹಳೇ ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಹನ್ನೊಂದು ಜನ ಹುಡುಗರು. ಹಾಸನದವರಿದ್ದಾರೆ, ರಾಯಚೂರಿನವರಿದ್ದಾರೆ, ಇಬ್ಬರು ಒಡಿಶಾದವರು. ಬುಶ್, ಶಾಫ್ಟ್, ಸ್ಪೇಸರ್ ಮಾಡುತ್ತೇವೆ. ನಿಮ್ಮ ಪಂಪಿನ ಒಳಗೋ ಗೇರ್‌ಬಾಕ್ಸಿನ ಒಳಗೋ ನಾವು ಮಾಡಿದ್ದು ಕೂತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಬಗ್ಗೆ ಬೇಜಾರಿಲ್ಲ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸಕ್ಕೆ ಮಾಲು ವಾಪಸ್ ಬರುವ ಕೆಲಸ ಇದು. 20 ಮೈಕ್ರಾನ್ ಅಂದರೆ 20 ಮೈಕ್ರಾನೇ. 25 ಆದರೆ ನೀವು ಒಪ್ಪುವುದಿಲ್ಲ, ಒಪ್ಪಲೂ ಬಾರದು. ನನ್ನ ದೂರು ಇಷ್ಟೇ. ಅಳತೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನೀವು, ತಾರೀಖಿನಲ್ಲಿ ಯಾಕೆ ಹೀಗೆ?

ಒಂದು ಬಿಲ್ಲಿನ ಕಥೆ ಹೇಳುತ್ತೇನೆ. ಎರಡು ಸಾವಿರ ಬುಶ್, ಒಂದಕ್ಕೆ 200 ರೂಪಾಯಿ. ನಾಲ್ಕು ಲಕ್ಷ. ಅದರ ಮೇಲೆ ಶೇ. 18 ಜಿಎಸ್‌ಟಿ, 72 ಸಾವಿರ. ಒಟ್ಟು 4,72,000. ಪಿಒದಲ್ಲಿ, ಅಂದರೆ ಅವರ ಖರೀದಿ ಆರ್ಡರಿನಲ್ಲಿ, ‘ಜಿಆರ್‌ಎನ್ ಆದ 45 ದಿನಕ್ಕೆ ಪೇಮೆಂಟ್’ ಅಂತ ಬರೆದಿತ್ತು. ಜಿಆರ್‌ಎನ್ ಅಂದರೆ ಮಾಲು ಬಂತು ಅಂತ ಕಂಪನಿಯವರು ಬರೆದುಕೊಳ್ಳುವ ರಸೀದಿ. ನಮ್ಮ ಟೆಂಪೊ ಅವರ ಗೇಟಿನ ಒಳಗೆ ಹೋದ ದಿನವೇ ಮಾಲು ಇಳಿಯಿತು, ಸೆಕ್ಯೂರಿಟಿಯವನು ಡಿಸಿ (ಡೆಲಿವರಿ ಚಲನ್) ಮೇಲೆ ಸೀಲು ಒತ್ತಿದ. ಆದರೆ ಜಿಆರ್‌ಎನ್ ಆಗಿದ್ದು ಇಪ್ಪತ್ತೆರಡು ದಿನದ ಮೇಲೆ. ಸಿಸ್ಟಮ್ ಅಪ್‌ಗ್ರೇಡ್ ಅಂತೆ. ಗಡಿಯಾರ ಶುರುವಾಗಬೇಕಾದರೆ ಗುಂಡಿ ಒತ್ತಬೇಕು, ಆ ಗುಂಡಿ ಇರುವುದು ನಿಮ್ಮ ಹತ್ತಿರ.

ಮಾಲು ಇಳಿದ 67ನೇ ದಿನ ಒಂದು ಮೇಲ್ ಬಂತು. 30 ಬುಶ್ ರಿಜೆಕ್ಟ್, ಒಳಗೆ ಗೀರು ಬಿದ್ದಿದೆ, ಪೂರ್ತಿ ಬಿಲ್ಲು ಹೋಲ್ಡ್. ಎರಡು ಸಾವಿರದಲ್ಲಿ ಮೂವತ್ತು. ಆರು ಸಾವಿರ ರೂಪಾಯಿಯ ಮಾಲಿಗೆ ನಾಲ್ಕು ಲಕ್ಷ ಚಿಲ್ಲರೆ ನಿಂತಿತು. ಗೀರು ಯಾರ ಕಡೆ ಬಿತ್ತು ಅಂತ ನಾನು ವಾದ ಮಾಡಲಿಲ್ಲ. ಹುಡುಗರು ಭಾನುವಾರ ಬಂದು ಮೂವತ್ತು ಹೊಸದು ಮಾಡಿಕೊಟ್ಟರು. ಉಳಿದ 1,970 ಬುಶ್ ಅಷ್ಟರಲ್ಲಿ ಅವರ ಗೇರ್‌ಬಾಕ್ಸಿನ ಒಳಗೆ ಕೂತು, ಪ್ಯಾಕ್ ಆಗಿ, ಗಿರಾಕಿಯ ಊರಿಗೂ ಹೋಗಿಯಾಗಿತ್ತು. ಮಾಲೂ ಬಿಲ್ಲೂ ಹೋಗಿ ಇವತ್ತಿಗೆ 160 ದಿನ, ದುಡ್ಡು ಬಂದಿಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ನೆನಪಿರಬಹುದು. ರಾತ್ರಿ ಹೊತ್ತು ದೆವ್ವ ಬಂದು ಬಾಗಿಲು ಬಡಿಯುತ್ತದೆ ಅಂತ ಸುದ್ದಿ ಹಬ್ಬಿ, ಮನೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹೋಗಬೇಕು. ನಿಮ್ಮ ಅಕೌಂಟ್ಸ್ ವಿಭಾಗದ ಬಾಗಿಲ ಮುಂದೆ ನಿಂತಾಗಲೆಲ್ಲ ನನಗೆ ಆ ದೆವ್ವದ ಬಗ್ಗೆ ಪಾಪ ಅನಿಸುತ್ತದೆ. ಅದಕ್ಕೂ ಏನೋ ಬಾಕಿ ಬರಬೇಕಿತ್ತೇನೋ.

ನನ್ನ ಟೇಬಲ್ ಹಿಂದೆ ಒಂದು ಕ್ಯಾಲೆಂಡರ್ ಇದೆ. ಪ್ರತಿ ತಿಂಗಳೂ ಕೆಲವು ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿರುತ್ತೇನೆ. 5ಕ್ಕೆ ಮೆಷಿನ್ ಲೋನಿನ ಕಂತು. 7ರ ಒಳಗೆ ಸಂಬಳ. 15ಕ್ಕೆ ಇಎಸ್‌ಐ. 20ಕ್ಕೆ ಜಿಎಸ್‌ಟಿ. ಇದರಲ್ಲಿ ಯಾವುದನ್ನೂ ನಾನು ‘ಮುಂದಿನ ಸೈಕಲ್‌ನಲ್ಲಿ ಹಾಕ್ತೀವಿ’ ಅಂತ ಮುಂದೂಡಲಾರೆ. ರಾಡ್ ಅಂಗಡಿಯವರಂತೂ ಬಿಡಿ, ದುಡ್ಡು ಅಕೌಂಟಿಗೆ ಬೀಳದೆ ಇಎನ್8 ಉಕ್ಕಿನ ರಾಡ್ ಗಾಡಿಗೆ ಏರಿಸುವುದೇ ಇಲ್ಲ. ನಾನು ಕೊಡಬೇಕಾದ್ದಕ್ಕೆಲ್ಲ ತಾರೀಖಿದೆ, ನನಗೆ ಬರಬೇಕಾದ್ದಕ್ಕೆ ಮಾತ್ರ ಇಲ್ಲ.

ಜಿಎಸ್‌ಟಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಂಡಿಗಳಿಗೆ ಇದು ಗೊತ್ತಿರುವುದು ಕಡಿಮೆ. ಬಿಲ್ಲು ಹಾಕಿದ ಮುಂದಿನ ತಿಂಗಳು 20ಕ್ಕೆ ಆ 72 ಸಾವಿರವನ್ನು ಲೆಕ್ಕಕ್ಕೆ ತಂದು, ನಾನು ಮಾಲು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು (ಅದೇ ನನ್ನ ಕ್ರೆಡಿಟ್) ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು. ನೀವು ಒಂದು ರೂಪಾಯಿ ಕೊಡದಿದ್ದರೂ ಕಟ್ಟಬೇಕು. ನಾನು ರಿಟರ್ನ್ ಹಾಕಿದ ಮೇಲೆ ಆ 72 ಸಾವಿರವನ್ನು ನೀವು ಇನ್‌ಪುಟ್ ಕ್ರೆಡಿಟ್ ಅಂತ ನಿಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುತ್ತೀರಿ. ಅಂದರೆ ನನಗೆ ಕೊಡದ ದುಡ್ಡಿನ ಲಾಭ ನಿಮಗೆ ಆಗಲೇ ಸಿಕ್ಕಿರುತ್ತದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ಜಾರಿಗೆ ತಂದಿಲ್ಲ. ಆದರೆ ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ನನಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್ಟನ್ನು ನೀವು ಬಡ್ಡಿ ಸಮೇತ ವಾಪಸ್ ಮಾಡಬೇಕು ಅಂತಲೂ ನಿಯಮ ಇದೆ. ಹಾಗಾಗಿ ಇನ್ನು 20 ದಿನದಲ್ಲಿ ನಿಮ್ಮವರಿಗೆ ಇದ್ದಕ್ಕಿದ್ದಂತೆ ನನ್ನ ನೆನಪಾಗಬಹುದು ಅಂತ ಒಂದು ಆಸೆ. ಗೋಡೆಯ ಮೇಲಿನ ಫ್ರೇಮು ಮಾಡದ ಕೆಲಸವನ್ನು ಜಿಎಸ್‌ಟಿ ನಿಯಮ ಮಾಡೀತು.

ಈ ಮಧ್ಯೆ ನಾನು ಬ್ಯಾಂಕಿನ ಓಡಿಯಲ್ಲಿ, ಅಂದರೆ ಓವರ್‌ಡ್ರಾಫ್ಟ್ ಸಾಲದಲ್ಲಿ ಬದುಕುತ್ತೇನೆ. ಶೇ. 12 ಬಡ್ಡಿ. 4,72,000ಕ್ಕೆ ತಿಂಗಳಿಗೆ 4,720. ಮಾಲು ಇಳಿದ ದಿನದಿಂದ 45 ದಿನ ದಾಟಿದ ಮೇಲೆ ಹತ್ತಿರ ಹತ್ತಿರ ನಾಲ್ಕು ತಿಂಗಳು ಅಂದರೆ 18,880. ಆ ಆರ್ಡರಿನಲ್ಲಿ ನನಗೆ ಉಳಿಯುತ್ತಿದ್ದದ್ದು ಶೇ. 8, ಅಂದರೆ 32 ಸಾವಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಂಕಿಗೆ ಹೋಯಿತು. ಬ್ಯಾಂಕಿಗೆ ಹೋಯಿತು ಅನ್ನುವುದೂ ತಪ್ಪು. ಓಡಿ ಇರುವುದು ನನ್ನ ಹೆಸರಿನಲ್ಲಿ, ಸಾಲ ತೆಗೆದುಕೊಂಡವರು ನೀವು.

‘ಇದೆಲ್ಲ ಬಿಸಿನೆಸ್ ಸ್ವಾಮಿ, ಎಲ್ಲರೂ ಮಾಡೋದೇ’ ಅಂತ ನಿಮ್ಮ ಫೈನಾನ್ಸ್‌ನವರೊಬ್ಬರು ಒಮ್ಮೆ ಹೇಳಿದರು. ಕೊಡುವುದನ್ನು ಎಷ್ಟು ತಡ ಮಾಡುತ್ತೀರೋ ಅಷ್ಟು ವರ್ಕಿಂಗ್ ಕ್ಯಾಪಿಟಲ್ ಚೆನ್ನಾಗಿ ಕಾಣುತ್ತದಂತೆ, ಅದಕ್ಕೆ ಅವರಿಗೆ ಇನ್ಸೆಂಟಿವ್ ಕೂಡ ಇದೆಯಂತೆ. ತಮಾಷೆಗೆ ಹೇಳಿದರೋ ನಿಜವೋ ಗೊತ್ತಿಲ್ಲ, ಆದರೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ಸಾಲ ಬೇಕಾದವರು ಕೇಳಬೇಕು. ನಾನು ‘ಇಲ್ಲ’ ಅನ್ನಲು ಅವಕಾಶ ಇರಬೇಕು. ಕೇಳದೆ, ಹೇಳದೆ, ಬಡ್ಡಿ ಇಲ್ಲದೆ, ಕೊಡುವ ದಿನ ಗೊತ್ತಿಲ್ಲದೆ ಒಬ್ಬರ ದುಡ್ಡು ಇಟ್ಟುಕೊಳ್ಳುವುದಕ್ಕೆ ನಮ್ಮ ಊರಲ್ಲಿ ಬೇರೆ ಹೆಸರಿದೆ. ಈ ಪತ್ರದಲ್ಲಿ ಬರೆಯುವುದಿಲ್ಲ ಬಿಡಿ.

ನಿಮ್ಮ ಕಂಪನಿಗೆ ವೆಂಡರ್ ಆಗುವಾಗ ನನ್ನ ಕೈಯಲ್ಲಿ ಹದಿನಾಲ್ಕು ಪುಟದ ಒಂದು ಕೋಡ್ ಆಫ್ ಕಂಡಕ್ಟ್‌ಗೆ ಸಹಿ ಹಾಕಿಸಿಕೊಂಡಿರಿ. ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಎಣ್ಣೆಯನ್ನು ಚರಂಡಿಗೆ ಬಿಡಬಾರದು, ಲಂಚ ಕೊಡಬಾರದು. ಒಳ್ಳೆಯದೇ. ಅದರಲ್ಲಿ ನಾನು ತಕರಾರು ತೆಗೆಯುವ ಒಂದು ಸಾಲೂ ಇರಲಿಲ್ಲ. ಆದರೆ ಹದಿನಾಲ್ಕೂ ಪುಟ ನಾನು ಹೇಗಿರಬೇಕು ಅಂತ. ನೀವು ಹೇಗಿರುತ್ತೀರಿ ಅಂತ ಅರ್ಧ ಪುಟವೂ ಇರಲಿಲ್ಲ. ಹೋದ ದೀಪಾವಳಿಗೆ ನಿಮ್ಮ ಸ್ಟೋರ್ಸ್ ಹುಡುಗರಿಗೆ ಅಂತ ಅರ್ಧ ಕೆಜಿ ಮೈಸೂರು ಪಾಕಿನ ಎರಡು ಡಬ್ಬಿ ಕಳಿಸಿದ್ದೆ. ಮರುದಿನ ವಾಪಸ್ ಬಂತು, ಜೊತೆಗೆ ಗಿಫ್ಟ್ ಪಾಲಿಸಿಯ ಪತ್ರ. ತುಪ್ಪ ಪತ್ರಕ್ಕೆ ಹತ್ತಿ ಅಂಟಿಕೊಂಡಿತ್ತು. ನಮ್ಮ ಹುಡುಗರು ಖುಷಿಯಾಗಿ ತಿಂದರು. ನಾನು ಮಾತ್ರ ಆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ. ಒಂದು ಕೆಜಿ ಮೈಸೂರು ಪಾಕು ಇಟ್ಟುಕೊಂಡರೆ ನೀತಿಗೆಟ್ಟ ಕೆಲಸ. ಲಕ್ಷಗಟ್ಟಲೆ ಬಾಕಿ ಇಟ್ಟುಕೊಂಡರೆ ಅದು ಪೇಮೆಂಟ್ ಸೈಕಲ್.

ಕಾನೂನು ಇಲ್ಲವಾ ಅಂತ ಓದುವ ಬೇರೆಯವರು ಕೇಳಬಹುದು. ಇದೆ, ಅದೂ ಗಟ್ಟಿಯಾಗಿಯೇ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣ ಘಟಕಗಳಿಗೆ ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಲೇಬೇಕು. ಪಿಒದಲ್ಲಿ 90 ಅಂತ ಬರೆದುಕೊಂಡರೂ ನಡೆಯುವುದಿಲ್ಲ. ಮಾಲು ತಲುಪಿದ 15 ದಿನದೊಳಗೆ ಬರೆದು ತಕರಾರು ಹೇಳದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ಹಾಗೆ. 67ನೇ ದಿನದ ಮೇಲ್‌ಗೂ 22ನೇ ದಿನದ ಜಿಆರ್‌ಎನ್‌ಗೂ ಅಲ್ಲಿ ಬೆಲೆಯಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಆ ದರ ಶೇ. 6.75 ಇದ್ದಾಗ ಮೂರು ಪಟ್ಟು ಅಂದರೆ ಶೇ. 20.25. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಕಲಮು ಸೇರಿತು, 43ಬಿ(ಎಚ್). ಅವಧಿ ಮೀರಿಸಿದರೆ, ನಮಗೆ ನಿಜವಾಗಿ ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ನೀವು ಅದನ್ನು ಖರ್ಚು ಅಂತ ತೋರಿಸಬಹುದು.

ಆ ಕಲಮು ಬಂದಾಗ ಪೀಣ್ಯದ ಟೀ ಅಂಗಡಿಗಳಲ್ಲಿ ಹಬ್ಬದ ಹಾಗಿತ್ತು. ನನಗೂ ಒಂದು ಫೋನ್ ಬಂತು, ಒಂದು ಕಂಪನಿಯ ಪರ್ಚೇಸ್‌ನಿಂದ. ಬಾಕಿ ಕೊಡುತ್ತಾರೇನೋ ಅಂತ ಖುಷಿಯಿಂದ ಎತ್ತಿದೆ. ‘ನಿಮ್ಮ ಉದ್ಯಮ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸ್ಕೊಂಡ್ರೆ ಆರ್ಡರ್ ಕಂಟಿನ್ಯೂ ಮಾಡೋಕೆ ನಮಗೆ ಈಸಿ ಆಗತ್ತೆ’ ಅಂದರು. ನಮ್ಮದು ಸಣ್ಣ ಘಟಕ ಅಂತ ತೋರಿಸುವ ಸರ್ಕಾರಿ ನೋಂದಣಿ ಅದು. ದನಿ ತುಂಬಾ ನಯವಾಗಿತ್ತು. ಅಂದರೆ ನನ್ನ ಕೈಯಲ್ಲಿರುವ ಕೊಡೆಯನ್ನು ನಾನೇ ಬಿಸಾಕಬೇಕು, ಆಗ ಮಳೆಯಲ್ಲಿ ನಿಲ್ಲಲು ಜಾಗ ಕೊಡುತ್ತಾರೆ. ನಾನು ಕ್ಯಾನ್ಸಲ್ ಮಾಡಿಸಲಿಲ್ಲ. ಆ ಕಂಪನಿಯಿಂದ ಮತ್ತೆ ಆರ್ಡರೂ ಬರಲಿಲ್ಲ.

ಇಂಥ ಬಾಕಿಯ ದೂರಿಗೆ ಅಂತಲೇ ಸರ್ಕಾರ 2017ರಲ್ಲಿ ಸಮಾಧಾನ್ ಅಂತ ಒಂದು ಪೋರ್ಟಲ್ ಶುರು ಮಾಡಿತು. ಆನ್‌ಲೈನ್ ದೂರು ಹಾಕಿದರೆ ಅದು ಇಂಥ ತಕರಾರು ತೀರ್ಮಾನಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ. 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ತೀರ್ಪಿನ ವಿರುದ್ಧ ನೀವು ಕೋರ್ಟಿಗೆ ಹೋಗಬೇಕಾದರೆ ಮೊದಲು ಶೇ. 75 ಡಿಪಾಸಿಟ್ ಇಡಬೇಕು. ಇಷ್ಟೆಲ್ಲ ಇದ್ದೂ ನಾನು ಯಾಕೆ ಹಾಕಲಿಲ್ಲ? ಮೂರು ಸಿಎನ್‌ಸಿಯಲ್ಲಿ ಎರಡು ಓಡುವುದೇ ನಿಮ್ಮ ಆರ್ಡರಿನಿಂದ. ದೂರು ಹಾಕಿದ ದಿನ ನಾನು ಗೆಲ್ಲುತ್ತೇನೆ, ಮರುದಿನದಿಂದ ಮೆಷಿನ್ ನಿಲ್ಲುತ್ತದೆ. ಇದು ನಿಮಗೂ ಗೊತ್ತು. ನನಗೆ ಗೊತ್ತಿದೆ ಅನ್ನುವುದೂ ನಿಮಗೆ ಗೊತ್ತು. ನೀತಿಯ ಪ್ರಶ್ನೆ ಶುರುವಾಗುವುದೇ ಇಲ್ಲಿ ಅಂತ ನನಗನಿಸುತ್ತದೆ. ಎದುರಿಗಿರುವವನು ಕಾನೂನು ಬಳಸಲಾರ ಅಂತ ಗೊತ್ತಿರುವಾಗಲೂ ಕಾನೂನಿನ ಪ್ರಕಾರ ನಡೆಯುತ್ತೀರಾ ಇಲ್ಲವಾ? ಉಳಿದದ್ದೆಲ್ಲ ಗಾಜಿನ ಫ್ರೇಮು.

ಎಲ್ಲರೂ ಹೀಗಿಲ್ಲ. ರಾಜಾಜಿನಗರದ ಕಡೆ ಒಂದು ಕಂಪನಿ ಇದೆ, ದೊಡ್ಡದೇನಲ್ಲ. ಅವರ ಅಕೌಂಟ್ಸ್ ಮೇಡಂ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದಾರೆ. ಕಂಪ್ಯೂಟರ್ ಇದ್ದರೂ ಅದು ಬೇಕು ಅವರಿಗೆ. ಬಿಲ್ಲು ಕೊಟ್ಟ ತಕ್ಷಣ ಸ್ಕೇಲ್ ಇಟ್ಟು ಗೆರೆ ಎಳೆದು, ಕೊನೆಯ ಕಾಲಮ್ಮಿನಲ್ಲಿ ದುಡ್ಡು ಹಾಕುವ ತಾರೀಖು ಬರೆದು, ನನ್ನ ಕಡೆ ತಿರುಗಿಸಿ ತೋರಿಸುತ್ತಾರೆ. ವರ್ಷದಲ್ಲಿ ಒಂದೋ ಎರಡೋ ಸಲ ಅವರಿಗೂ ಕಷ್ಟ ಆಗುತ್ತದೆ. ಆಗ ಅವರೇ ಫೋನ್ ಮಾಡುತ್ತಾರೆ: ‘10ಕ್ಕೆ ಆಗಲ್ಲ ಸಾರ್, 18ಕ್ಕೆ ಹಾಕ್ತೀವಿ.’ 18ಕ್ಕೆ ಬೀಳುತ್ತದೆ. ಆ ಎಂಟು ದಿನ ನನಗೆ ಏನೂ ಅನಿಸುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಅವರ ಫ್ಯಾಕ್ಟರಿಯೂ ಮುಚ್ಚಿತ್ತು, ನಮ್ಮ ಶೆಡ್ಡೂ ಮುಚ್ಚಿತ್ತು. ಏಪ್ರಿಲ್ ಮೊದಲ ವಾರ ನನ್ನ ಬಾಕಿಯಷ್ಟೂ ಅಕೌಂಟಿಗೆ ಬಂತು. ಯಾಕೆ ಅಂತ ಕೇಳಿದ್ದಕ್ಕೆ ಯಜಮಾನರು, ‘ನಿಮ್ಮ ಹುಡುಗರಿಗೆ ಸಂಬಳ ಕೊಡಬೇಕಲ್ವಾ’ ಅಂದರು, ಅಷ್ಟೇ. ಅವರ ಆರ್ಡರ್ ಎಷ್ಟೇ ಚಿಕ್ಕದಿರಲಿ, ನಮ್ಮ ಶೆಡ್ಡಿನಲ್ಲಿ ಮೊದಲು ಮೆಷಿನ್‌ಗೆ ಹತ್ತುವುದು ಅದೇ. ಇನ್ನೊಂದು ಮಾತು: ಅವರಿಗೆ ಹೇಳುವ ರೇಟು ನಿಮಗಿಂತ ಕಡಿಮೆ. ನಿಮ್ಮ ತಡವನ್ನು ನಾವು ರೇಟಿನಲ್ಲಿ ಸೇರಿಸುತ್ತೇವೆ, ಇದನ್ನು ನಿಮ್ಮ ಫೈನಾನ್ಸ್‌ನವರಿಗೆ ಹೇಳಿ.

ಇನ್ನು ನನ್ನ ವಿಷಯ. ಇದನ್ನು ಬರೆಯದಿದ್ದರೆ ಪತ್ರ ಪೂರ್ತಿ ಆಗುವುದಿಲ್ಲ.

ನಮ್ಮ ಪಕ್ಕದ ರಸ್ತೆಯಲ್ಲಿ ಒಬ್ಬರು ಜಿಂಕ್ ಪ್ಲೇಟಿಂಗ್ ಮಾಡುತ್ತಾರೆ. ಗಂಡ, ಹೆಂಡತಿ, ಇಬ್ಬರು ಹುಡುಗರು. ನಮ್ಮ ಸ್ಪೇಸರ್‌ಗಳಿಗೆ ಪ್ಲೇಟಿಂಗ್ ಅವರದೇ. ಮೂರು ತಿಂಗಳಿಂದ ನಾನು ಅವರಿಗೆ 38 ಸಾವಿರ ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅವರ ಟಿವಿಎಸ್ ಎಕ್ಸ್‌ಎಲ್ ಸದ್ದು ಕೇಳಿಸಿತು. ನಾನು ಎದ್ದು ಟೂಲ್ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಹುಡುಗನಿಗೆ ಮೊದಲೇ ಹೇಳಿಟ್ಟಿದ್ದೆ. ‘ಸಾರ್ ಇಲ್ಲ ಅಣ್ಣ, ಬ್ಯಾಂಕಿಗೆ ಹೋಗಿದಾರೆ’ ಅಂದ. ಬಾಗಿಲ ಸಂದಿಯಿಂದ ಕಾಣಿಸುತ್ತಿತ್ತು. ಅವರು ತಕ್ಷಣ ಹೋಗಲಿಲ್ಲ. ಟ್ರೇಯಲ್ಲಿದ್ದ ಒಂದು ಸ್ಪೇಸರ್ ಎತ್ತಿಕೊಂಡು, ಆಸಿಡ್ ತಿಂದು ಬೆಳ್ಳಗಾದ ಹೆಬ್ಬೆರಳಿನಿಂದ ಅಂಚು ಸವರಿ ನೋಡಿದರು. ಫಿನಿಶ್ ಸರಿ ಬಂದಿದೆಯಾ ಅಂತ. ಬಾಕಿ ಕೇಳಲು ಬಂದವರು ತಮ್ಮದೇ ಕೆಲಸ ಪರೀಕ್ಷೆ ಮಾಡುತ್ತಿದ್ದರು. ಆಮೇಲೆ ಅದನ್ನು ಇದ್ದ ಜಾಗದಲ್ಲೇ ಇಟ್ಟು, ‘ಬಂದಿದ್ದೆ ಅಂತ ಹೇಳಪ್ಪಾ’ ಅಂತ ಹೋದರು.

ನನ್ನ ಸ್ಕೂಟರ್ ಹೊರಗೇ ನಿಂತಿತ್ತು. ಅವರಿಗೆ ಗೊತ್ತಾಗದೆ ಇರುತ್ತದಾ?

ನೀವು ನನಗೆ ಕೊಟ್ಟಿಲ್ಲ, ಅದಕ್ಕೇ ನಾನು ಅವರಿಗೆ ಕೊಟ್ಟಿಲ್ಲ. ಇದು ನಿಜ. ಆದರೆ ಇದೇ ಮಾತನ್ನು ನೀವೂ ಹೇಳುತ್ತೀರಿ, ನಿಮ್ಮ ಗಿರಾಕಿ ನಿಮಗೆ ಕೊಟ್ಟಿಲ್ಲ ಅಂತ. ಅವರೂ ಯಾರ ಕಡೆಗೋ ಕೈ ತೋರಿಸುತ್ತಾರೆ. ಕೈ ತೋರಿಸುತ್ತಾ ತೋರಿಸುತ್ತಾ ಭಾರ ಮಾತ್ರ ಕೆಳಗಿಳಿದು, ಇನ್ನೂ ಕೆಳಗೆ ಇಳಿಸಲು ಯಾರೂ ಇಲ್ಲದವನ ತಲೆ ಮೇಲೆ ಕೂರುತ್ತದೆ. ಪ್ಲೇಟಿಂಗ್‌ನವರಿಗೆ ಓಡಿ ಇಲ್ಲ. ಅವರು ಯಾರ ಹತ್ತಿರ, ಎಷ್ಟು ಬಡ್ಡಿಗೆ ತರುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಕಾಯ್ದೆಯ 45 ದಿನ ನನಗೂ ಅನ್ವಯಿಸುತ್ತದೆ. ಅವರ ಲೆಕ್ಕದಲ್ಲಿ ನಾನೇ ದೊಡ್ಡ ಕಂಪನಿ. ಫ್ರೇಮು ಒಂದು ಇಲ್ಲ, ಅಷ್ಟೇ.

ಸಂಜೆ ಅವರ ಶೆಡ್ಡಿಗೆ ಹೋದೆ. ‘ಮಧ್ಯಾಹ್ನ ನಾನು ಒಳಗೇ ಇದ್ದೆ’ ಅಂದೆ. ಅವರು ನಕ್ಕು ಟೀ ತರಿಸಿದರು. 20 ಸಾವಿರ ಅಲ್ಲೇ ಕಳಿಸಿದೆ, ಉಳಿದ 18 ಸಾವಿರಕ್ಕೆ ಮುಂದಿನ ತಿಂಗಳು 12 ಅಂತ ತಾರೀಖು ಹೇಳಿದೆ. ಕ್ಯಾಲೆಂಡರಿನಲ್ಲಿ 12ಕ್ಕೂ ಈಗ ಕೆಂಪು ಸುತ್ತು ಬಿದ್ದಿದೆ. ಇಷ್ಟು ವರ್ಷದಲ್ಲಿ ಅಲ್ಲಿ ಬ್ಯಾಂಕು, ಸರ್ಕಾರ, ಸಂಬಳ ಬಿಟ್ಟು ಬೇರೆಯವರ ತಾರೀಖು ಇರಲೇ ಇಲ್ಲ ಅಂತ ಆಗ ಗಮನಕ್ಕೆ ಬಂತು.

ನಿಮ್ಮಿಂದ ನಾನು ಔದಾರ್ಯ ಕೇಳುತ್ತಿಲ್ಲ. ಬುಶ್ ಬೇಕು ಅಂದಿರಿ, ಬುಶ್ ಕೊಟ್ಟಿದ್ದೇವೆ. ಗೇಟಿನ ಒಳಗೆ ಮಾಲು ಇಳಿದ ದಿನವೇ ಜಿಆರ್‌ಎನ್ ಮಾಡಿಸಿ. ಮೂವತ್ತು ಪೀಸು ಕೆಟ್ಟರೆ ಮೂವತ್ತರ ದುಡ್ಡು ಹಿಡಿಯಿರಿ, ಎರಡು ಸಾವಿರದ್ದಲ್ಲ. ತಡ ಆಗುವುದಾದರೆ ಆ ರಾಜಾಜಿನಗರದ ಮೇಡಂ ಥರ ಒಂದು ಫೋನ್. 250 ಕೋಟಿಗಿಂತ ಜಾಸ್ತಿ ವಹಿವಾಟಿರುವ ಕಂಪನಿಗಳು ಟ್ರೆಡ್ಸ್ ಅನ್ನುವ ಆನ್‌ಲೈನ್ ಬಿಲ್ ವೇದಿಕೆಗೆ ಸೇರಬೇಕು ಅಂತ ಈಗ ನಿಯಮ ಇದೆ. ನಿಮ್ಮಲ್ಲಿ ಹಲವರು ಸೇರಿಯೂ ಇದ್ದೀರಿ. ಆದರೆ ಸೇರಿದರೆ ಆಗಲಿಲ್ಲ, ನಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಕೊಳ್ಳಬೇಕು. ಒಪ್ಪಿದರೆ ಬ್ಯಾಂಕಿನವರು ನಮಗೆ ಆಗಲೇ ದುಡ್ಡು ಕೊಡುತ್ತಾರೆ, ನೀವು ನಿಮ್ಮ ಗಡುವಿಗೆ ಬ್ಯಾಂಕಿಗೆ ಕೊಟ್ಟರಾಯಿತು. ನಿಮ್ಮ ಕೈಯಿಂದ ಒಂದು ಕ್ಲಿಕ್ಕು, ಅಷ್ಟೇ ಹೋಗುವುದು.

ಇನ್ನೊಂದು ವಿಷಯ. 45 ದಿನ ಮೀರಿದ ನಮ್ಮ ಬಾಕಿಗಳ ಬಗ್ಗೆ ನೀವು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಕೊನೆಯೊಳಗೆ, ಕಂಪನಿ ರಿಜಿಸ್ಟ್ರಾರ್‌ಗೆ ಒಂದು ಫಾರ್ಮ್ ಹಾಕಬೇಕು. 2019ರಿಂದ ಇದೆ ಅದು. ಅದರಲ್ಲಿ ತಡಕ್ಕೆ ಕಾರಣ ಏನು ಅಂತ ಬರೆಯಬೇಕು. ನನ್ನ ಹೆಸರಿನ ಮುಂದೆ ಏನು ಬರೆದಿದ್ದೀರಿ? ಎಂಡಿಯವರೇ, ಒಮ್ಮೆ ಆ ಫಾರ್ಮ್ ತರಿಸಿಕೊಂಡು ಓದಿ. ಸುಮ್ನೆ ಕುತೂಹಲಕ್ಕೆ ಕೇಳುತ್ತಿದ್ದೇನೆ.

ಎರಡು ಸಾವಿರ ಬುಶ್, ಬಿಲ್ಲು 4,72,000. ರಿಜೆಕ್ಟ್ ಆದ 30ರ ಬದಲಿಗೆ ಹೊಸ 30 ನಿಮ್ಮ ಸ್ಟೋರ್ಸಿಗೆ ತಲುಪಿದೆ, ಡಿಸಿ ಮೇಲೆ ನಿಮ್ಮ ಸೆಕ್ಯೂರಿಟಿಯ ಸೀಲು ಇದೆ. ಮುಂದಿನ ಲಾಟು ನಮ್ಮಲ್ಲಿ ರೆಡಿ ಇದೆ. ಗುರುವಾರ ಟೆಂಪೊ ಬರುತ್ತದೆ, ಬೆಳಿಗ್ಗೆ ಹತ್ತರ ಒಳಗೆ.

ಇಂತಿ,
ಪೀಣ್ಯ ಎರಡನೇ ಹಂತದ ಒಬ್ಬ ವೆಂಡರ್